ಬೆಂಡಿನಿಂದ ಬೆಂಜೀನ್ ಉಂಗುರ: ಸಸ್ಯದ ಸಕ್ಕರೆಯಿಂದ ಆರೋಮ್ಯಾಟಿಕ್ ರಾಸಾಯನಿಕ ತಯಾರಿಸುವುದು ನಮ್ಮ ಸೀಮೆಗೆ ಎಷ್ಟು ದೂರ?

ನಿವೃತ್ತ ಮೇಷ್ಟ್ರು, ವಿದ್ಯಾನಗರ, ದಾವಣಗೆರೆ

ಕಳೆದ ವಾರ ಆನಗೋಡಿನ ಹತ್ತಿರ ನೆಂಟರ ಕಣದಲ್ಲಿ ಅರ್ಧ ದಿನ ಕುಳಿತಿದ್ದೆ. ಯಂತ್ರವು ಮೆಕ್ಕೆಜೋಳದ ಕಾಳನ್ನು ಒಂದು ಕಡೆಗೂ ಬೆಂಡನ್ನು ಇನ್ನೊಂದು ಕಡೆಗೂ ಉಗುಳುತ್ತಿತ್ತು. ಸಂಜೆಯಾಗುವಷ್ಟರಲ್ಲಿ ಬೆಂಡಿನ ರಾಶಿಯು ಕಾಳಿನ ರಾಶಿಯ ಹೆಗಲೆತ್ತರಕ್ಕೆ ಬಂದಿತ್ತು. ಏಳನೆಯ ತರಗತಿಯ ಮೊಮ್ಮಗ ನೀರಿನ ಪ್ಲಾಸ್ಟಿಕ್ ಬಾಟಲಿ ಹಿಡಿದುಕೊಂಡು ಬಂದವನು, ಈ ಬೆಂಡು ಯಾತಕ್ಕೆ ಬರುತ್ತದೆ ಎಂದು ಕೇಳಿದ. ಬಚ್ಚಲೊಲೆಗೆ ಎಂದು ಹೇಳಿ ಸುಮ್ಮನಾಗಬಹುದಿತ್ತು. ಆದರೆ ಮೂವತ್ತು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದ ಬಾಯಿ, "ನಿನ್ನ ಕೈಯಲ್ಲಿರುವ ಬಾಟಲಿಯನ್ನೇ ಇದರಿಂದ ಮಾಡಬಹುದು" ಎಂದುಬಿಟ್ಟಿತು. ಆ ಮಾತು ಎಷ್ಟರ ಮಟ್ಟಿಗೆ ನಿಜ ಎಂದು ಮನೆಗೆ ಬಂದ ಮೇಲೆ ನನ್ನನ್ನೇ ನಾನು ಕೇಳಿಕೊಂಡೆ. ತಿಳಿದಷ್ಟನ್ನು ಇಲ್ಲಿ ಇಡುತ್ತೇನೆ, ತಪ್ಪಿದ್ದಲ್ಲಿ ತಿದ್ದಬೇಕು.

ಮೊದಲು ಹೆಸರಿನ ಗೊಂದಲವನ್ನು ಬಿಡಿಸಿಬಿಡುವುದು ಒಳ್ಳೆಯದು. ಆರೋಮ್ಯಾಟಿಕ್ ಎಂದರೆ ಅತ್ತರು, ಊದುಬತ್ತಿಯ ಮಾತಲ್ಲ. ಇಂಗ್ಲೆಂಡಿನ ವಿಜ್ಞಾನಿ ಫ್ಯಾರಡೆ 1825ರಲ್ಲಿ ಬೇರ್ಪಡಿಸಿದ, ಆರು ಇಂಗಾಲದ ಉಂಗುರವುಳ್ಳ ಬೆಂಜೀನಿನ ಸಂಬಂಧಿಕರಲ್ಲಿ ಕೆಲವಕ್ಕೆ ಘಾಟಾದ ಪರಿಮಳವಿದ್ದುದರಿಂದ, 1855ರಲ್ಲಿ ಹಾಫ್‌ಮನ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ ಈ ಗುಂಪಿಗೆ ಆ ಹೆಸರನ್ನು ಬಳಸಿದ. ಪರಿಮಳ ಹೋಯಿತು, ಹೆಸರು ಉಳಿಯಿತು. ಇಂದು ಆ ಪದಕ್ಕೆ ಮುಖ್ಯವಾಗಿ, ಎಲೆಕ್ಟ್ರಾನುಗಳು ಎಲ್ಲ ಪರಮಾಣುಗಳಿಗೂ ಸಾಮಾನ್ಯ ಆಸ್ತಿಯಾಗಿ ಹಂಚಿಕೊಂಡಿರುವ, ಆದ್ದರಿಂದಲೇ ಸುಲಭಕ್ಕೆ ಮುರಿಯದ ಉಂಗುರ ಎಂದು ಅರ್ಥ. ಬಾಟಲಿಯ ಪಿ.ಇ.ಟಿ. ಎಂಬ ಪ್ಲಾಸ್ಟಿಕ್, ನೈಲಾನಿನ ಕಚ್ಚಾ ಸಾಮಗ್ರಿ, ಜ್ವರದ ಪ್ಯಾರಸಿಟಮಾಲ್ ಮಾತ್ರೆ, ಗೋಡೆಯ ಬಣ್ಣ, ಬೆಳೆಗೆ ಹೊಡೆಯುವ ಅನೇಕ ಔಷಧಿಗಳು, ಇವೆಲ್ಲಕ್ಕೂ ಈ ಉಂಗುರವೇ ಮೂಲ. ಇದರ ಬಹುಪಾಲು ಬರುವುದು ಕಚ್ಚಾ ತೈಲದಿಂದ.

ಪಿ.ಇ.ಟಿ. ಬಾಟಲಿಗೆ ಎರಡು ಅಂಗಗಳಿವೆ. ತೂಕದಲ್ಲಿ ಸುಮಾರು ಶೇಕಡಾ 30ರಷ್ಟು ಎಥಿಲೀನ್ ಗ್ಲೈಕಾಲ್ ಭಾಗ, ಉಳಿದ 70ರಷ್ಟು ಟೆರಿಫ್ತಾಲಿಕ್ ಆಮ್ಲದ ಭಾಗ. ಮೊದಲನೆಯದನ್ನು ಕಾಕಂಬಿಯ ಮದ್ಯಸಾರದಿಂದ ಮಾಡುವ ಕಾರ್ಖಾನೆ ನಮ್ಮ ದೇಶದ ಕಾಶೀಪುರದಲ್ಲಿಯೇ ಇದೆ. 2009ರಲ್ಲಿ ತಂಪುಪಾನೀಯದ ಕಂಪನಿಯೊಂದು ಸಸ್ಯಮೂಲದ ಬಾಟಲಿ ಎಂದು ಪ್ರಚಾರ ಮಾಡಿದ್ದು ಈ 30ರ ಪಾಲನ್ನಷ್ಟೇ. ಉಂಗುರವಿರುವುದು ಉಳಿದ 70ರಲ್ಲಿ, ಕಷ್ಟವಿರುವುದೂ ಅಲ್ಲಿಯೇ.

ಜಗಳೂರು ಹೊಲ

ಮೇಷ್ಟ್ರೇ, ನಮಸ್ಕಾರ. ಬೆಂಡನ್ನು ಕಸವೆಂದು ತಿಳಿದು ಯಾರೂ ಬರೆಯಬಾರದು ಎಂಬುದು ನನ್ನ ಮೊದಲ ಕೋರಿಕೆ. ನಮ್ಮ ಮನೆಯಲ್ಲಿ ಆರು ತಿಂಗಳು ಬಚ್ಚಲೊಲೆ ಉರಿಯುವುದು ಅದರಿಂದಲೇ. ಇಟ್ಟಿಗೆ ಭಟ್ಟಿಯವರು ಬಂದು ಒಯ್ಯುವುದೂ ಉಂಟು.

ಎರಡನೆಯದಾಗಿ, ಹಿಂದೆ ಜತ್ರೋಫಾ ನೆಟ್ಟರೆ ಬಂಗಾರ ಎಂದು ನಮ್ಮ ಊರಿಗೆ ಬಂದು ಭಾಷಣ ಮಾಡಿ ಸಸಿ ಕೊಟ್ಟು ಹೋದವರು, ಕಾಯಿ ಬಿಟ್ಟಾಗ ಕೊಳ್ಳುವುದಕ್ಕೆ ಬರಲಿಲ್ಲ. ಎರಡು ಎಕರೆ ಬದುವಿನ ಗುಂಟ ನೆಟ್ಟಿದ್ದ ಗಿಡಗಳನ್ನು ಮೂರನೆಯ ವರ್ಷ ನಾನೇ ಕಿತ್ತೆ. ಆದುದರಿಂದ "ಮಾಡಬಹುದು" ಎಂಬ ಮಾತು ಕೇಳಿದರೆ ನನಗೆ ಕಿವಿ ನೆಟ್ಟಗಾಗುತ್ತದೆ. ಬೆಂಡಿನಿಂದ ಏನಾದರೂ ಮಾಡಿ ನಿಜವಾಗಿ ಮಾರಿದವರು ಜಗತ್ತಿನಲ್ಲಿ ಎಲ್ಲಿಯಾದರೂ ಇದ್ದಾರೆಯೇ?

ಭಟ್ಟಿ ಇಂಜಿನಿಯರ್, ಹರಿಹರ

ಇದ್ದಾರೆ, ಅಣ್ಣಾವ್ರೇ, ನೂರು ವರ್ಷಗಳಿಂದ ಇದ್ದಾರೆ. 1921ರ ಸುಮಾರಿಗೆ ಅಮೆರಿಕದ ಅಯೋವಾ ರಾಜ್ಯದಲ್ಲಿ ಕ್ವೇಕರ್ ಓಟ್ಸ್ ಕಂಪನಿ, ತನ್ನ ಗಿರಣಿಯಲ್ಲಿ ರಾಶಿಬಿದ್ದ ಓಟ್ಸ್ ಹೊಟ್ಟಿನಿಂದ ಫರ್ಫ್ಯೂರಾಲ್ ಎಂಬ ದ್ರವವನ್ನು ತೆಗೆಯಲು ಆರಂಭಿಸಿತು. ಆ ಹೆಸರು ಬಂದಿರುವುದೇ ತವುಡು ಎಂಬ ಅರ್ಥದ ಲ್ಯಾಟಿನ್ ಪದದಿಂದ. ಇಂದು ಚೀನಾದಲ್ಲಿ ಅದನ್ನು ತಯಾರಿಸುವುದು ಮುಖ್ಯವಾಗಿ ಮೆಕ್ಕೆಜೋಳದ ಬೆಂಡಿನಿಂದ, ಕೆಲವು ದೇಶಗಳಲ್ಲಿ ಕಬ್ಬಿನ ಸಿಪ್ಪೆಯಿಂದ. ಬಾದಾಮಿಯ ವಾಸನೆಯ, ಇಟ್ಟಲ್ಲಿ ಕಪ್ಪಾಗುವ ದ್ರವ ಅದು. ಅದರ ಅಣುವಿನಲ್ಲಿ ನಾಲ್ಕು ಇಂಗಾಲ, ಒಂದು ಆಮ್ಲಜನಕ ಸೇರಿದ ಫ್ಯೂರಾನ್ ಉಂಗುರವಿದೆ. ಮೇಷ್ಟ್ರು ಹೇಳಿದ ಲಕ್ಷಣದ ಪ್ರಕಾರ ಅದೂ ಆರೋಮ್ಯಾಟಿಕ್ಕೇ, ಆದರೆ ಬೆಂಜೀನಿನಷ್ಟು ಗಟ್ಟಿಯಲ್ಲ.

ಕೆಲಸ ನಡೆಯುವ ಬಗೆ ಹೀಗೆ. ಒಣ ಬೆಂಡಿನ ತೂಕದಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಕ್ಸೈಲಾನ್, ಅಂದರೆ ಐದು ಇಂಗಾಲದ ಕ್ಸೈಲೋಸ್ ಸಕ್ಕರೆಯ ಸರಪಣಿ. ನೀರು ಬೆರೆಸಿ ಸೌಮ್ಯವಾಗಿಸಿದ ಗಂಧಕಾಮ್ಲ ಸೇರಿಸಿ ಒತ್ತಡದ ಉಗಿ ಹಾಯಿಸಿದರೆ ಸರಪಣಿ ಕಡಿದು ಸಕ್ಕರೆಯಾಗುತ್ತದೆ, ಪ್ರತಿಯೊಂದು ಸಕ್ಕರೆಯ ಅಣುವೂ ಮೂರು ನೀರಿನ ಅಣುಗಳನ್ನು ಬಿಟ್ಟುಕೊಟ್ಟು ಫರ್ಫ್ಯೂರಾಲ್ ಆಗುತ್ತದೆ. ಲೆಕ್ಕದ ಪ್ರಕಾರ ಒಂದು ಟನ್ ಒಣ ಬೆಂಡಿನಲ್ಲಿರುವ 300 ಕೆ.ಜಿ. ಕ್ಸೈಲಾನಿನಿಂದ ಸುಮಾರು 220 ಕೆ.ಜಿ. ಬರಬೇಕು. ಹಳೆಯ ವಿಧಾನದಲ್ಲಿ ಕೈಗೆ ಸಿಗುವುದು 100 ಕೆ.ಜಿ. ಆಸುಪಾಸು ಮಾತ್ರ.

ಉಳಿದ ಅರ್ಧ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಆಲೆಮನೆ ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೊಪ್ಪರಿಗೆಯಲ್ಲಿ ಪಾಕವು ಹದಕ್ಕೆ ಬಂದ ಮೇಲೂ ಬೆಂಕಿ ತಗ್ಗಿಸದೆ ಬಿಟ್ಟರೆ ತಳದಲ್ಲಿ ಕರ್ರಗೆ ಹತ್ತಿಕೊಳ್ಳುತ್ತದಲ್ಲವೇ, ಕೆರೆದರೂ ಬಿಡದ ಆ ಕರಿಯ ಅಂಟಿನ ಜಾತಿಯದೇ ಇಲ್ಲಿಯೂ ಹುಟ್ಟುತ್ತದೆ. ನಾವು ಅದನ್ನು ಹ್ಯೂಮಿನ್ ಎನ್ನುತ್ತೇವೆ. ಹುಟ್ಟಿದ ಫರ್ಫ್ಯೂರಾಲ್ ಆಮ್ಲದ ಬಿಸಿನೀರಿನಲ್ಲಿಯೇ ಉಳಿದರೆ, ಇನ್ನೂ ಮಾರ್ಪಡದೆ ಉಳಿದ ಸಕ್ಕರೆಯೊಡನೆ ಹೆಣೆದುಕೊಂಡು ಹ್ಯೂಮಿನ್ ಆಗುತ್ತದೆ. ಹಸಿರು ವಿಧಾನ ಎಂದು ಈಗ ನಡೆಯುತ್ತಿರುವ ಪ್ರಯತ್ನಗಳಲ್ಲಿ ಅರ್ಧದಷ್ಟು ಈ ಒಂದು ಅಂಟಿನ ವಿರುದ್ಧವೇ ಎಂದರೆ ತಪ್ಪಾಗಲಾರದು.

ಹಿರಿಯೂರು ಕೋಳಿಫಾರಂ

ಮೆಕ್ಕೆಜೋಳವನ್ನು ಎಥನಾಲಿಗೆ ಒಯ್ಯಲು ಆರಂಭಿಸಿದ ಮೇಲೆ ಕೋಳಿ ಆಹಾರದ ದರ ಏನಾಗಿದೆ ಎಂಬುದು ಸಾಕಿದವರಿಗೆ ಗೊತ್ತು. ಈಗ ಬಾಟಲಿಗೂ ಜೋಳವೇ ಎಂದರೆ ನಾವು ಕೋಳಿಗೆ ಏನು ಹಾಕಬೇಕು?

ಭಟ್ಟಿ ಇಂಜಿನಿಯರ್, ಹರಿಹರ

ನಿಮ್ಮ ಆತಂಕ ನ್ಯಾಯವಾದದ್ದು. ನಾನು ಹೇಳುತ್ತಿರುವುದು ಬೆಂಡಿನ ಮಾತು, ಕಾಳಿನದಲ್ಲ. ಆದರೆ ಸತ್ಯವನ್ನು ಮರೆಮಾಚಬಾರದು: ಬಾಟಲಿಯ ಉಂಗುರವನ್ನು ಸಕ್ಕರೆಯಿಂದ ಮಾಡಿ ತೋರಿಸಿದ ದೊಡ್ಡ ಪ್ರಯೋಗಗಳು ಬಹುಮಟ್ಟಿಗೆ ಕಾಳಿನ ಸಕ್ಕರೆಯನ್ನೇ ಬಳಸಿವೆ. ಅಮೆರಿಕದ ವಿರೆಂಟ್ ಎಂಬ ಕಂಪನಿ ಮೆಕ್ಕೆಜೋಳದ ಸಕ್ಕರೆಯಿಂದ, ಟೆರಿಫ್ತಾಲಿಕ್ ಆಮ್ಲಕ್ಕೆ ಮೂಲವಾದ ಪ್ಯಾರಾಕ್ಸೈಲೀನ್ ಎಂಬ ಉಂಗುರದ ದ್ರವವನ್ನು ಮಾಡಿತು. ಅದರಿಂದ 2021ರಲ್ಲಿ ಸುಮಾರು 900 ಬಾಟಲಿಗಳನ್ನು ಮಾದರಿಗಾಗಿ ತಯಾರಿಸಿದರು. ಒಂಬತ್ತು ನೂರು ಎಂದರೆ ನಮ್ಮ ಒಂದು ಮದುವೆಯ ಊಟಕ್ಕೆ ಸಾಲದು.

ಚಳ್ಳಕೆರೆ ವಿದ್ಯಾರ್ಥಿನಿ

ನಾನು ಜೀವರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಸರ್ ಅವರ ಮೊದಲ ಬರಹದಲ್ಲಿ ಒಂದು ಮಾತು ಬಿಟ್ಟುಹೋಗಿದೆ ಎನಿಸಿದ್ದರಿಂದ ಬರೆಯುವ ಧೈರ್ಯ ಮಾಡಿದ್ದೇನೆ. ಸಕ್ಕರೆಯಿಂದ ಬೆಂಜೀನ್ ಉಂಗುರ ಮಾಡುವುದು ಮನುಷ್ಯನ ಹೊಸ ಸಾಹಸವೇನೂ ಅಲ್ಲ, ಹೊಲದ ಪ್ರತಿಯೊಂದು ಗಿಡವೂ ದಿನವೂ ಅದನ್ನು ಮಾಡುತ್ತಿದೆ. ಆ ದಾರಿಗೆ ಶಿಕಿಮೇಟ್ ಮಾರ್ಗ ಎಂದು ಹೆಸರು. ಪಲಾವಿಗೆ ಹಾಕುವ ಚಕ್ರಮೊಗ್ಗಿನ ಜಪಾನೀ ಸಂಬಂಧಿಯಾದ ಶಿಕಿಮಿ ಎಂಬ ಗಿಡದಲ್ಲಿ ಆ ಆಮ್ಲ ಮೊದಲು ದೊರೆತದ್ದರಿಂದ ಈ ಹೆಸರು ಬಂತು.

ಸಕ್ಕರೆ ಒಡೆದು ಹುಟ್ಟುವ ಮೂರು ಇಂಗಾಲದ ತುಂಡೊಂದು ನಾಲ್ಕು ಇಂಗಾಲದ ತುಂಡಿನೊಡನೆ ಕೂಡಿ, ಏಳು ಹೆಜ್ಜೆಗಳಲ್ಲಿ ಉಂಗುರಕ್ಕೆ ಬೇಕಾದ ರೂಪಕ್ಕೆ ಬರುತ್ತದೆ. ಗಿಡಕ್ಕೆ ಇದು ಇಲ್ಲದೆ ಬದುಕಿಲ್ಲ. ಕಾಂಡವನ್ನು ನೆಟ್ಟಗೆ ನಿಲ್ಲಿಸುವ ಲಿಗ್ನಿನ್ ಕೂಡ ಇಲ್ಲಿಂದಲೇ ಬರುತ್ತದೆ, ಸಸ್ಯವು ಹಿಡಿದಿಟ್ಟ ಇಂಗಾಲದಲ್ಲಿ ಶೇಕಡಾ 20 ಅಥವಾ ಅದಕ್ಕೂ ಹೆಚ್ಚು ಈ ದಾರಿಯಲ್ಲಿ ಹರಿಯುತ್ತದೆ ಎಂದು ಅಂದಾಜಿದೆ.

ರೈತರಿಗೆ ಈ ಮಾರ್ಗದ ಪರಿಚಯ ಇನ್ನೊಂದು ಬಾಗಿಲಿನಿಂದ ಆಗಿಯೇ ಇದೆ. ಕಳೆಗೆ ಹೊಡೆಯುವ ಗ್ಲೈಫೋಸೇಟ್ ಕೊಲ್ಲುವುದು ಹೇಗೆ ಎಂದರೆ, ಈ ಏಳು ಹೆಜ್ಜೆಗಳಲ್ಲಿ ಆರನೆಯದನ್ನು ನಡೆಸುವ ಕಿಣ್ವದ ಬಾಯಿ ಮುಚ್ಚುತ್ತದೆ. ಔಷಧಿ ಬಿದ್ದ ಮರುದಿನ ಕಳೆ ಹಸಿರಾಗಿಯೇ ನಿಂತಿರುತ್ತದೆ. ಉಂಗುರವುಳ್ಳ ಅಮೈನೋ ಆಮ್ಲಗಳು ಒಳಗೆ ಮುಗಿಯುತ್ತ ಬಂದಂತೆ ವಾರದ ಮೇಲೆ ಹಳದಿಯಾಗುತ್ತದೆ. ಮನುಷ್ಯರ ದೇಹದಲ್ಲಿ ಈ ಮಾರ್ಗವೇ ಇಲ್ಲ, ನಾವು ಆ ಉಂಗುರಗಳನ್ನು ಆಹಾರದಿಂದ ಪಡೆಯುತ್ತೇವೆ.

ಇದೇ ಮಾರ್ಗ ಬ್ಯಾಕ್ಟೀರಿಯಾಗಳಲ್ಲಿಯೂ ಇದೆ. ಕ್ಯಾರನ್ ಡ್ರಾಥ್ಸ್ ಮತ್ತು ಜಾನ್ ಫ್ರಾಸ್ಟ್ ಎಂಬ ಅಮೆರಿಕದ ವಿಜ್ಞಾನಿಗಳು ಇ. ಕೋಲಿಯ ವಂಶವಾಹಿಗಳನ್ನು ತಿದ್ದಿ, ಗ್ಲೂಕೋಸ್ ತಿಂದು ಕ್ಯಾಟೆಕಾಲ್ ಎಂಬ ಬೆಂಜೀನ್ ಉಂಗುರದ ವಸ್ತುವನ್ನು ಕೊಡುವಂತೆ ಮಾಡಿದರು. ಅಲ್ಲಿಂದ ಮುಂದೆ ಮ್ಯೂಕೋನಿಕ್ ಆಮ್ಲ, ಅದರಿಂದ ನೈಲಾನಿಗೆ ಬೇಕಾದ ಅಡಿಪಿಕ್ ಆಮ್ಲ. ಇದಕ್ಕಾಗಿ 1998ರಲ್ಲಿ ಅವರಿಗೆ ಅಮೆರಿಕದ ಅಧ್ಯಕ್ಷರ ಹೆಸರಿನ ಹಸಿರು ರಸಾಯನ ಪ್ರಶಸ್ತಿ ದೊರೆಯಿತು. ಹಳೆಯ ದಾರಿಯಲ್ಲಿ ಕ್ಯಾನ್ಸರ್‌ಕಾರಕ ಬೆಂಜೀನಿನಿಂದ ಹೊರಟು ನೈಟ್ರಿಕ್ ಆಮ್ಲ ಸುರಿಯಬೇಕಾಗುತ್ತದೆ, ಆಗ ಹೊರಡುವ ನೈಟ್ರಸ್ ಆಕ್ಸೈಡ್ ಭೂಮಿಯನ್ನು ಬಿಸಿಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ನೂರಾರು ಪಟ್ಟು ಬಲಶಾಲಿ. ಸಕ್ಕರೆಯ ದಾರಿಯಲ್ಲಿ ಮ್ಯೂಕೋನಿಕ್ ಆಮ್ಲದವರೆಗೆ ಮೈ ಬಿಸಿಯಷ್ಟು ಶಾಖ, ನೀರು, ಸೂಕ್ಷ್ಮಾಣು ಇಷ್ಟೇ ಸಾಕು, ಕೊನೆಯ ಹೆಜ್ಜೆಗೆ ಮಾತ್ರ ಜಲಜನಕ ಸೇರಿಸಬೇಕು.

ಚನ್ನಗಿರಿ ತೋಟ

ತಂಗೀ, ನೀವು ಕ್ಯಾಟೆಕಾಲ್ ಎಂದದ್ದನ್ನು ಓದಿ ನನಗೆ ಕಾಚು ನೆನಪಾಯಿತು. ಎರಡಕ್ಕೂ ಸಂಬಂಧವಿದೆಯೇ?

ನಿವೃತ್ತ ಮೇಷ್ಟ್ರು, ವಿದ್ಯಾನಗರ, ದಾವಣಗೆರೆ

ಇದೆ, ಅಮ್ಮಾ. ಎಲೆಯಡಿಕೆಯೊಡನೆ ಮೆಲ್ಲುವ ಕಾಚನ್ನು ಒಣಗಾಯಿಸಿ ಭಟ್ಟಿ ಇಳಿಸಿದಾಗ ದೊರೆತದ್ದರಿಂದಲೇ 19ನೆಯ ಶತಮಾನದಲ್ಲಿ ಅದಕ್ಕೆ ಆ ಹೆಸರು ಬಿತ್ತು. ನಮ್ಮ ತಾಂಬೂಲದ ತಟ್ಟೆಯ ಹೆಸರೊಂದು ರಸಾಯನಶಾಸ್ತ್ರದ ಪುಸ್ತಕದಲ್ಲಿ ಕುಳಿತಿದೆ.

ಅಷ್ಟೇ ಅಲ್ಲ, ನಿಮ್ಮ ಅಡಿಕೆಯ ಹಂಡೆಯಲ್ಲಿ ಇದಕ್ಕಿಂತ ಹತ್ತಿರದ ಉದಾಹರಣೆಯಿದೆ. ಹಸಿ ಅಡಿಕೆ ಬೇಯಿಸಿದ ನೀರು ಮತ್ತೆ ಮತ್ತೆ ಕುದಿದು ಗಟ್ಟಿಯಾದ ಚೊಗರು ಎಂದರೆ ಏನು? ಬಹುಪಾಲು ಟ್ಯಾನಿನ್. ಟ್ಯಾನಿನ್ ಎಂದರೆ ಜಲಜನಕ ಮತ್ತು ಆಮ್ಲಜನಕದ ಜೋಡಿಗಳನ್ನು ಅಂಚಿಗೆ ಸಿಕ್ಕಿಸಿಕೊಂಡ ಬೆಂಜೀನ್ ಉಂಗುರಗಳ ಸಾಲು. ಆ ಉಂಗುರಗಳನ್ನು ಅಡಿಕೆಯ ಮರ ಕಟ್ಟಿದ್ದು ಎಲೆಯಲ್ಲಿ ಹುಟ್ಟಿದ ಸಕ್ಕರೆಯಿಂದ.

ಚನ್ನಗಿರಿ ತೋಟ

ಹಾಗಾದರೆ ನಾವು ವರ್ಷವೂ ಆರೋಮ್ಯಾಟಿಕ್ ರಾಸಾಯನಿಕವನ್ನು ಬೇಯಿಸಿ ಅದರಲ್ಲಿಯೇ ಅಡಿಕೆಯನ್ನು ಅದ್ದಿ ಬಣ್ಣ ಕಟ್ಟುತ್ತಿದ್ದೇವೆ ಎಂದಾಯಿತು. ಚೊಗರನ್ನು ಕೊಳ್ಳುವವರು ಇದ್ದಾರೆ, ಅದರ ಬಗ್ಗೆ ಚಿಂತೆಯಿಲ್ಲ. ನಮ್ಮ ತಲೆನೋವು ಅಡಿಕೆ ಸಿಪ್ಪೆ. ಸುಗ್ಗಿಯಲ್ಲಿ ರಸ್ತೆಯ ಎರಡೂ ಬದಿಗೆ ಸುರಿಯುತ್ತಾರೆ. ಮೇಲೆ ಒಣಗಿ ಒಳಗೆ ಹಸಿಯಿದ್ದ ರಾಶಿಗೆ ಯಾರೋ ಬೆಂಕಿ ಇಟ್ಟರೆ ಮೂರು ದಿನ ಹೊಗೆಯಾಡುತ್ತಿರುತ್ತದೆ. ಹೋದ ವರ್ಷ ಆ ಹೊಗೆಯಲ್ಲಿ ಎದುರಿನಿಂದ ಬಂದ ಬೈಕು ಕಾಣದೆ ನಮ್ಮ ಮನೆಯವರು ಚರಂಡಿಗೆ ಇಳಿದಿದ್ದರು. ಬೆಂಡಿಗೆ ಒಲೆಯಾದರೂ ಇದೆ, ಈ ಸಿಪ್ಪೆಗೆ ಅದೂ ಸರಿಯಾಗಿ ಇಲ್ಲ. ಇದರಿಂದ ಏನಾದರೂ ಆಗುವುದಾದರೆ ತಿಳಿಸಿ.

ನಿವೃತ್ತ ಮೇಷ್ಟ್ರು, ವಿದ್ಯಾನಗರ, ದಾವಣಗೆರೆ

ಸಿಪ್ಪೆಯಲ್ಲಿಯೂ ಕ್ಸೈಲಾನ್ ಇದೆ, ಲಿಗ್ನಿನ್ ಇದೆ, ಆದ್ದರಿಂದ ಉತ್ತರ ತತ್ತ್ವದಲ್ಲಿ ಆಗುತ್ತದೆ ಎಂದೇ. ಆದರೆ ಈ ಎಲ್ಲ ಚರ್ಚೆಯ ನಡುವೆ ನನ್ನ ತಕರಾರು ಒಂದಿದೆ. ಅದನ್ನು ಲೆಕ್ಕದೊಡನೆ ಹೇಳಬೇಕು.

180 ಕೆ.ಜಿ. ಗ್ಲೂಕೋಸ್ ತೆಗೆದುಕೊಳ್ಳಿ. ಅದರಲ್ಲಿ ಇಂಗಾಲ 72 ಕೆ.ಜಿ., ಜಲಜನಕ 12 ಕೆ.ಜಿ., ಆಮ್ಲಜನಕ 96 ಕೆ.ಜಿ. ಅರ್ಧಕ್ಕಿಂತ ಹೆಚ್ಚು ತೂಕ ಆಮ್ಲಜನಕದ್ದು. ಬೆಂಜೀನಿನಲ್ಲಿಯೋ, ಕ್ಸೈಲೀನಿನಲ್ಲಿಯೋ ಆಮ್ಲಜನಕ ಒಂದು ಗ್ರಾಂ ಕೂಡ ಇಲ್ಲ. ಹಾಗಾದರೆ 96 ಕೆ.ಜಿ.ಯನ್ನೂ ಹೊರಗೆ ಹಾಕಬೇಕು. ನೀರಿನ ರೂಪದಲ್ಲಿ ಹಾಕೋಣವೆಂದರೆ ಸಕ್ಕರೆಯಲ್ಲಿರುವ ಜಲಜನಕ ಸಾಲದು, ಇಂಗಾಲದೊಡನೆ ಹಾಕೋಣವೆಂದರೆ ಉಂಗುರ ಕಟ್ಟಬೇಕಾದ ಇಂಗಾಲವೇ ಹೊಗೆಯಾಗಿ ಹೋಗುತ್ತದೆ. ಎಲ್ಲ ಇಂಗಾಲವನ್ನೂ ಉಳಿಸಿಕೊಳ್ಳಬೇಕಾದರೆ ಹೊರಗಿನಿಂದ 6 ಕೆ.ಜಿ. ಜಲಜನಕ ತರಬೇಕು. ಆಗ 78 ಕೆ.ಜಿ. ಬೆಂಜೀನ್, 108 ಕೆ.ಜಿ. ನೀರು. ಇದು ಒಂದು ತೊಟ್ಟೂ ಚೆಲ್ಲದ ಕಾಗದದ ಲೆಕ್ಕ. ಭಟ್ಟಿಯಲ್ಲಿ ಇದಕ್ಕಿಂತ ಕಡಿಮೆಯೇ.

ಆ 6 ಕೆ.ಜಿ. ಜಲಜನಕ ಎಲ್ಲಿಂದ ಬರುತ್ತದೆ? ಇಂದು ಜಲಜನಕದ ಬಹುಪಾಲು ಸಿಗುವುದು ನೈಸರ್ಗಿಕ ಅನಿಲ, ಕಲ್ಲಿದ್ದಲುಗಳಿಂದ. ಹೊಲದಿಂದ ಸಕ್ಕರೆ ತಂದು, ಅದರ ಆಮ್ಲಜನಕವನ್ನು ಕಿತ್ತುಹಾಕುವುದಕ್ಕೆ ಕಲ್ಲಿದ್ದಲು ಸುಟ್ಟು, ಕೊನೆಗೆ ಹಸಿರು ಎಂಬ ಚೀಟಿ ಅಂಟಿಸುವುದು ನನಗೆ ಒಪ್ಪಿಗೆಯಾಗದು. ಚಿತ್ರದುರ್ಗದ ಗುಡ್ಡಗಳ ಮೇಲೆ ತಿರುಗುತ್ತಿರುವ ಗಾಳಿಯಂತ್ರಗಳ ಕರೆಂಟಿನಿಂದ ನೀರನ್ನು ಒಡೆದು ಜಲಜನಕ ಮಾಡಿದರೆ ಮಾತು ಬೇರೆ.

ಇನ್ನೂ ಮುಖ್ಯವಾದದ್ದೆಂದರೆ, ಎಲ್ಲ ಆಮ್ಲಜನಕವನ್ನೂ ಏಕೆ ಕೀಳಬೇಕು? ಪ್ಯಾರಾಕ್ಸೈಲೀನನ್ನು ಮಾಡಿದ ಮೇಲೆ ಕಾರ್ಖಾನೆಯವರು ಮಾಡುವ ಮೊದಲ ಕೆಲಸವೇ ಅದಕ್ಕೆ ಮತ್ತೆ ಆಮ್ಲಜನಕವನ್ನು ಸೇರಿಸಿ ಟೆರಿಫ್ತಾಲಿಕ್ ಆಮ್ಲ ಮಾಡುವುದು. ಬೆಳೆದ ಹತ್ತಿಯ ಬೀಜ ಬಿಡಿಸಿ, ಮತ್ತೆ ಅದೇ ಬೀಜವನ್ನು ಅರಳೆಗೆ ತುರುಕಿದಂತೆ. ಸಕ್ಕರೆ ಕೊಟ್ಟ ಆಮ್ಲಜನಕವನ್ನು ಉಳಿಸಿಕೊಂಡೇ ಉಪಯೋಗಕ್ಕೆ ಬರುವ ಉಂಗುರವನ್ನು ಹುಡುಕುವುದು ಜಾಣತನವಲ್ಲವೇ?

ಭಟ್ಟಿ ಇಂಜಿನಿಯರ್, ಹರಿಹರ

ಮೇಷ್ಟ್ರ ಲೆಕ್ಕ ಸರಿ, ತೀರ್ಮಾನವನ್ನು ಪೂರ್ತಿಯಾಗಿ ಒಪ್ಪಲಾರೆ. ಕಾರ್ಖಾನೆಯಲ್ಲಿ ಕೆಲಸ ಮಾಡುವವನ ಕಣ್ಣಿನಿಂದ ನೋಡಿದರೆ, ಪ್ಯಾರಾಕ್ಸೈಲೀನ್ ಎಂದರೆ ಹೇಳಿದ ಗುಣಮಟ್ಟದ, ಹೇಳಿದ ದಿನ ಸಿಗುವ, ಕೊಳ್ಳುವವರು ಸಾಲುಗಟ್ಟಿ ನಿಂತಿರುವ ವಸ್ತು. ಅದರ ಮುಂದಿನ ಯಂತ್ರಗಳೆಲ್ಲ ಈಗಾಗಲೇ ಕಟ್ಟಿ ನಿಂತಿವೆ. ಹೊಸ ಅಣುವನ್ನು ತಂದರೆ ಪೈಪಿನಿಂದ ಹಿಡಿದು ಬಾಟಲಿ ಮರುಬಳಕೆಯವರೆಗೆ ಎಲ್ಲವನ್ನೂ ಹೊಸದಾಗಿ ಒಪ್ಪಿಸಬೇಕು.

ಕ್ಸೈಲೀನಿಗೆ ಇನ್ನೊಂದು ಚೆಂದದ ದಾರಿಯೂ ಇದೆ. ಹಣ್ಣಿನ ಸಕ್ಕರೆಯಾದ ಫ್ರಕ್ಟೋಸ್ ಮೂರು ನೀರಿನ ಅಣುಗಳನ್ನು ಬಿಟ್ಟರೆ, ಫರ್ಫ್ಯೂರಾಲಿನ ಹಾಗೆಯೇ ಫ್ಯೂರಾನ್ ಉಂಗುರವುಳ್ಳ ಎಚ್‌ಎಂಎಫ್ ಎಂಬ ವಸ್ತು. ಅದಕ್ಕೆ ಜಲಜನಕ ಕೊಟ್ಟರೆ ಡೈಮಿಥೈಲ್ ಫ್ಯೂರಾನ್. ಅದನ್ನು ಎಥಿಲೀನಿನೊಡನೆ, ಡೀಲ್ಸ್ ಮತ್ತು ಆಲ್ಡರ್ ಅವರಿಗೆ 1950ರ ನೊಬೆಲ್ ತಂದುಕೊಟ್ಟ ಕ್ರಿಯೆಯಿಂದ ಬೆಸೆದು ಒಂದು ನೀರು ತೆಗೆದರೆ ಪ್ಯಾರಾಕ್ಸೈಲೀನ್. ಸೂಕ್ಷ್ಮ ರಂಧ್ರಗಳ ಜಿಯೋಲೈಟ್ ಎಂಬ ಘನ ವೇಗವರ್ಧಕದ ಮೇಲೆ ಈ ಕೊನೆಯ ಹೆಜ್ಜೆಯಲ್ಲಿ ಶೇಕಡಾ 90ರವರೆಗೆ ಇಳುವರಿ ಪಡೆದಿದ್ದಾರೆ. ಎಥಿಲೀನನ್ನು ಮದ್ಯಸಾರದಿಂದ ನೀರು ತೆಗೆದು ಮಾಡಬಹುದು. ಕಾಗದದ ಲೆಕ್ಕದಲ್ಲಿ 180 ಕೆ.ಜಿ. ಸಕ್ಕರೆ, 28 ಕೆ.ಜಿ. ಎಥಿಲೀನ್, ಅದೇ 6 ಕೆ.ಜಿ. ಜಲಜನಕ ಸೇರಿ 106 ಕೆ.ಜಿ. ಕ್ಸೈಲೀನ್. ಕೊನೆಯ ಹೆಜ್ಜೆ ಸುಲಭವಾಯಿತು, ಮೊದಲನೆಯದೇ ಹಠ ಹಿಡಿದು ಕುಳಿತಿದೆ. ಕಾಳಿನ ಗ್ಲೂಕೋಸನ್ನು ಫ್ರಕ್ಟೋಸ್ ಮಾಡುವುದಕ್ಕೆ ಕಿಣ್ವ ದಶಕಗಳಿಂದ ಮಾರುಕಟ್ಟೆಯಲ್ಲಿದೆ, ಎಚ್‌ಎಂಎಫ್ ಮಾತ್ರ ಹುಟ್ಟಿದ ಕೂಡಲೇ ಹಾಳಾಗಲು ಹವಣಿಸುತ್ತದೆ.

ಆಮ್ಲಜನಕ ಉಳಿಸಿಕೊಳ್ಳುವ ದಾರಿಯ ಬಗ್ಗೆ ಮೇಷ್ಟ್ರು ಕೇಳಿದರು. ಎಚ್‌ಎಂಎಫ್ ಅನ್ನು ಉತ್ಕರ್ಷಿಸಿದರೆ ಎಫ್‌ಡಿಸಿಎ ಎಂಬ ಆಮ್ಲವಾಗುತ್ತದೆ. ಅದು ಟೆರಿಫ್ತಾಲಿಕ್ ಆಮ್ಲದ ಜಾಗದಲ್ಲಿ ನಿಂತರೆ ಪಿ.ಇ.ಎಫ್. ಎಂಬ ಪ್ಲಾಸ್ಟಿಕ್. ಅದು ಅನಿಲಗಳನ್ನು ಪಿ.ಇ.ಟಿ.ಗಿಂತ ಬಹಳ ಚೆನ್ನಾಗಿ ತಡೆಯುವುದರಿಂದ ಸೋಡಾ ಬೇಗ ಸಪ್ಪಗಾಗುವುದಿಲ್ಲ. ನೆದರ್ಲೆಂಡ್ಸಿನ ಅವಾಂಟಿಯಮ್ ಕಂಪನಿ ಡೆಲ್ಫ್‌ಝೈಲ್ ಎಂಬಲ್ಲಿ ವರ್ಷಕ್ಕೆ 5,000 ಟನ್ ಸಾಮರ್ಥ್ಯದ ಎಫ್‌ಡಿಸಿಎ ಘಟಕವನ್ನು 2024ರಲ್ಲಿ ಉದ್ಘಾಟಿಸಿದೆ. ಐದು ಸಾವಿರ ಟನ್ ನಮಗೆ ದೊಡ್ಡದಾಗಿ ಕಾಣಬಹುದು, ಪಿ.ಇ.ಟಿ.ಯ ಲೆಕ್ಕ ಕೋಟಿ ಟನ್ನುಗಳಲ್ಲಿ ನಡೆಯುತ್ತದೆ.

ಜಗಳೂರು ಹೊಲ

ನೂರು ವರ್ಷದ ಹಿಂದೆಯೇ ಹೊಟ್ಟಿನಿಂದ ಮಾಡುತ್ತಿದ್ದರು ಎಂದಿರಿ. ಅಷ್ಟು ಚೆನ್ನಾಗಿದ್ದರೆ ನಿಂತದ್ದು ಏಕೆ?

ನಿವೃತ್ತ ಮೇಷ್ಟ್ರು, ವಿದ್ಯಾನಗರ, ದಾವಣಗೆರೆ

ಫರ್ಫ್ಯೂರಾಲ್ ನಿಲ್ಲಲಿಲ್ಲ, ಅದರ ಮೇಲಿನ ಮಹಡಿ ಬಿದ್ದುಹೋಯಿತು. ಡ್ಯೂಪಾಂಟ್ ಕಂಪನಿ 1940ರ ದಶಕದಿಂದ ಫರ್ಫ್ಯೂರಾಲಿನಿಂದಲೇ ನೈಲಾನಿನ ಕಚ್ಚಾ ಸಾಮಗ್ರಿ ಮಾಡುತ್ತಿತ್ತು. ಪೆಟ್ರೋಲಿಯಂ ಅಗ್ಗವಾದ ಮೇಲೆ 1961ರ ಹೊತ್ತಿಗೆ ಕೈಬಿಟ್ಟಿತು. ರಸಾಯನ ಸೋತದ್ದಲ್ಲ, ದರ ಸೋತದ್ದು. ನಿಮ್ಮ ಜತ್ರೋಫಾದ ಅನುಭವವೂ ಅದೇ ಜಾತಿಯದು, ಆದ್ದರಿಂದ ನಿಮ್ಮ ಕಿವಿ ನೆಟ್ಟಗಾಗುವುದು ಸರಿಯಾಗಿಯೇ ಇದೆ.

ಚಳ್ಳಕೆರೆ ವಿದ್ಯಾರ್ಥಿನಿ

ಇಂಜಿನಿಯರ್ ಸರ್ ಹೇಳಿದ ಕರಿ ಅಂಟನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಳೆದ ಸೆಮಿಸ್ಟರ್‌ನಲ್ಲಿ ಫ್ರಕ್ಟೋಸಿನ ದ್ರಾವಣಕ್ಕೆ ಆಮ್ಲೀಯ ರಾಳದ ಮಣಿಗಳನ್ನು ಹಾಕಿ ಎಣ್ಣೆಯ ಸ್ನಾನದಲ್ಲಿ ಬಿಸಿಮಾಡಿದ್ದೆವು. ಮೊದಲ ಇಪ್ಪತ್ತು ನಿಮಿಷ ದ್ರಾವಣವು ಜೇನಿನ ಬಣ್ಣಕ್ಕೆ ತಿರುಗಿತು, ಆಮೇಲೆ ಚಹಾದ ಬಣ್ಣ. ಊಟಕ್ಕೆ ಹೋಗಿ ಬರುವಷ್ಟರಲ್ಲಿ ಡಾಂಬರು. ಮಣಿಗಳು ಒಂದಕ್ಕೊಂದು ಅಂಟಿ ಕರಿಯ ಮುದ್ದೆಯಾಗಿದ್ದವು. ಅಸಿಟೋನ್, ಬಿಸಿ ಕ್ಷಾರ ಯಾವುದಕ್ಕೂ ಜಗ್ಗದೆ ಕೊನೆಗೆ ಆ ಗಾಜಿನ ಪಾತ್ರೆಯನ್ನೇ ಎಸೆದೆವು. ಅಂದಹಾಗೆ ಜೇನಿನ ಬಣ್ಣ ಎಂದದ್ದು ಬರಿಯ ಹೋಲಿಕೆಯಲ್ಲ. ಜೇನನ್ನು ಕಾಯಿಸಿದರೂ ಹಳೆಯದಾದರೂ ಅದರಲ್ಲಿ ಹುಟ್ಟುವುದು ಇದೇ ಎಚ್‌ಎಂಎಫ್. ಅಂತರರಾಷ್ಟ್ರೀಯ ಆಹಾರ ಮಾನದಂಡದಲ್ಲಿ ಕಿಲೋ ಜೇನಿಗೆ 40 ಮಿಲಿಗ್ರಾಂ, ನಮ್ಮಂಥ ಬಿಸಿಲು ನಾಡಿನ ಜೇನಿಗೆ 80 ಮಿಲಿಗ್ರಾಂ ಮಿತಿ ಇಟ್ಟಿರುವುದು ಈ ಕಾರಣಕ್ಕೆ.

ನಾವು ಮಾಡಿದ ತಪ್ಪು, ಹುಟ್ಟಿದ್ದನ್ನು ಹುಟ್ಟಿದಲ್ಲಿಯೇ ಬಿಟ್ಟದ್ದು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೇಮ್ಸ್ ಡ್ಯುಮೆಸಿಕ್ ಅವರ ತಂಡ 2006ರಲ್ಲಿ ಎರಡು ಪದರದ ದ್ರಾವಕವನ್ನು ಬಳಸಿ ಇದಕ್ಕೆ ಉಪಾಯ ತೋರಿಸಿತು: ಕೆಳಗೆ ನೀರು ಮತ್ತು ಸಕ್ಕರೆ, ಮೇಲೆ ನೀರಿನಲ್ಲಿ ಬೆರೆಯದ ದ್ರಾವಕ. ಮೊಸರು ಕಡೆಯುವಾಗ ಬೆಣ್ಣೆ ತೇಲಿದ ಹಾಗೆ ಎಚ್‌ಎಂಎಫ್ ಮೇಲಿನ ಪದರಕ್ಕೆ ಏರಿ ಆಮ್ಲದಿಂದ ಪಾರಾಗುತ್ತದೆ. ಮೇಲಿನ ಪದರಕ್ಕೆ ಫರ್ಫ್ಯೂರಾಲಿನಿಂದಲೇ ಮಾಡಿದ ದ್ರಾವಕವನ್ನು ಬಳಸುವ ಕ್ರಮವೂ ಈಗ ಇದೆ. 2007ರಲ್ಲಿ ಇನ್ನೊಂದು ತಂಡ ಕ್ರೋಮಿಯಂ ಲವಣವನ್ನು ಅಯಾನಿಕ ದ್ರವದಲ್ಲಿ, ಅಂದರೆ ಕಡಿಮೆ ಶಾಖಕ್ಕೇ ದ್ರವವಾಗುವ ಇನ್ನೊಂದು ಲವಣದಲ್ಲಿ ಹಾಕಿ, ಗ್ಲೂಕೋಸಿನಿಂದ ನೇರವಾಗಿ ಸುಮಾರು ಶೇಕಡಾ 70ರ ಇಳುವರಿ ಪಡೆದು ಹೆಸರಾಯಿತು. ಆದರೆ ಕ್ರೋಮಿಯಂ ಸೇರಿದ ತ್ಯಾಜ್ಯನೀರನ್ನು ಹೊಳೆಗೆ ಬಿಡುವ ವಿಧಾನವನ್ನು, ಇಳುವರಿ ಎಷ್ಟೇ ಇರಲಿ, ಹಸಿರು ಎಂದು ಕರೆಯಲು ನನಗೆ ಮನಸ್ಸು ಬಾರದು.

ಸೂಕ್ಷ್ಮಾಣುಗಳ ದಾರಿಯಲ್ಲಿಯೂ ತೊಡಕಿಲ್ಲದೆ ಇಲ್ಲ ಎಂಬುದನ್ನು ಮೊದಲ ಬರಹದಲ್ಲಿ ನಾನು ಹೇಳಲಿಲ್ಲ. ಉಂಗುರ ಕಟ್ಟಲು ಬೇಕಾದ ಮೂರು ಇಂಗಾಲದ ತುಂಡನ್ನೇ ಇ. ಕೋಲಿ, ಸಕ್ಕರೆಯನ್ನು ಒಳಗೆ ಎಳೆದುಕೊಳ್ಳುವುದಕ್ಕೆ ಬಾಗಿಲ ಸುಂಕವಾಗಿ ಖರ್ಚು ಮಾಡುತ್ತದೆ, ಆ ಬಾಗಿಲನ್ನು ಬದಲಿಸಿ ಬೇರೆ ಬಾಗಿಲು ಇಡಬೇಕು. ಮೇಲಾಗಿ ಫೀನಾಲ್, ಕ್ಯಾಟೆಕಾಲ್‌ಗಳು ಅವನ್ನು ಮಾಡಿದ ಸೂಕ್ಷ್ಮಾಣುವಿಗೇ ವಿಷ. ಸ್ಯೂಡೋಮೊನಾಸ್ ಪುಟಿಡಾ ಎಂಬ ಮಣ್ಣಿನ ಬ್ಯಾಕ್ಟೀರಿಯಾ ಅಂಥ ವಿಷವನ್ನು ಹೆಚ್ಚು ತಾಳಿಕೊಳ್ಳುವುದರಿಂದ ಅದರ ಮೇಲೆ ಈಗ ಬಹಳ ಕೆಲಸ ನಡೆದಿದೆ.

ಚನ್ನಗಿರಿ ತೋಟ

ಸಿಪ್ಪೆಯ ಪ್ರಶ್ನೆಗೆ ಉತ್ತರ ಬರಲಿಲ್ಲ.

ಭಟ್ಟಿ ಇಂಜಿನಿಯರ್, ಹರಿಹರ

ಕ್ಷಮಿಸಿ, ಅಕ್ಕಾವ್ರೇ. ಸಿಪ್ಪೆಯ ಕಷ್ಟ ಮೂರು. ಅದು ಹಸಿಯಾಗಿ ಬರುತ್ತದೆ, ವರ್ಷದಲ್ಲಿ ಕೆಲವೇ ತಿಂಗಳು ಬರುತ್ತದೆ, ನಾರಾಗಿರುವುದರಿಂದ ಯಂತ್ರದ ಗಾಲಿಗೆ ಸುತ್ತಿಕೊಳ್ಳುತ್ತದೆ. ಬೆಂಡಾದರೋ ಪುಡಿಯಾಗುತ್ತದೆ, ಒಣಗಿ ಬರುತ್ತದೆ. ಎರಡೂ ಒಂದೇ ಕೊಳವೆಯಲ್ಲಿ ಹೋಗಲಾರವು. ಇಂದಿನ ಸ್ಥಿತಿಯಲ್ಲಿ ನಿಮ್ಮ ಸಿಪ್ಪೆಗೆ ನಾನು ಹೇಳುವುದು ಗೊಬ್ಬರವೇ, ಸಗಣಿಯೊಡನೆ ಕೊಳೆಸಿ ತೋಟಕ್ಕೆ ಹಿಂತಿರುಗಿಸುವುದು. ಉಂಗುರದ ಆಸೆ ತೋರಿಸಿದರೆ ನಾನೂ ಜತ್ರೋಫಾ ಭಾಷಣ ಮಾಡಿದವನಾಗುತ್ತೇನೆ.

ಜಗಳೂರು ಹೊಲ

ಈ ಮಾತು ಮೆಚ್ಚಿದೆ. ಹಾಗಾದರೆ ನನ್ನ ಪ್ರಶ್ನೆಗೂ ಇಷ್ಟೇ ನೇರವಾಗಿ ಉತ್ತರ ಕೊಡಿ. ನಾಳೆ ಯಾರಾದರೂ ಬೆಂಡು ಕೊಳ್ಳುತ್ತೇವೆಂದು ಬಂದರೆ ಏನೇನು ಕೇಳಬೇಕು? ನಾನು ನಿನ್ನೆ ಒಂದು ಕೆಲಸ ಮಾಡಿದೆ. ಜೋಳ ತುಂಬಿದರೆ 60 ಕೆ.ಜಿ. ತೂಗುವ ಚೀಲದಲ್ಲಿ ಬೆಂಡು ತುಂಬಿ ತೂಗಿಸಿದೆ. ಕುಕ್ಕಿ ಕುಕ್ಕಿ ತುಂಬಿದರೂ 14 ಕೆ.ಜಿ. ಮೇಲೆ ಹೋಗಲಿಲ್ಲ.

ಭಟ್ಟಿ ಇಂಜಿನಿಯರ್, ಹರಿಹರ

ನಿಮ್ಮ ಆ 14 ಕೆ.ಜಿ.ಯಲ್ಲಿಯೇ ಇಡೀ ವ್ಯವಹಾರದ ಕೀಲಿ ಇದೆ. ಒಂದು ಟನ್ ಫರ್ಫ್ಯೂರಾಲಿಗೆ 10ರಿಂದ 12 ಟನ್ ಬೆಂಡು ಬೇಕು. ನಿಮ್ಮ ಟ್ರಾಕ್ಟರ್ ಟ್ರೇಲರಿಗೆ ಹಲಗೆ ಏರಿಸದೆ ತುಂಬಿದರೆ ಒಂದು ಟನ್ನಿನ ಆಚೀಚೆ. ಅಂದರೆ ಹತ್ತು ಹನ್ನೆರಡು ಟ್ರೇಲರ್ ಗಾಳಿಯನ್ನೇ ಹೊತ್ತು ಬಂದು ಒಂದು ಟನ್ ದ್ರವ ಕೊಡುತ್ತವೆ. ಜಗಳೂರಿನಿಂದ ಹರಿಹರದವರೆಗೆ ಹಾಗೆ ತಂದರೆ ಡೀಸೆಲ್ಲಿನ ಹೊಗೆಯಲ್ಲಿಯೇ ಹಸಿರು ಕರಗಿಹೋಗುತ್ತದೆ. ಆದ್ದರಿಂದ ಮೊದಲು ಕೇಳಬೇಕಾದದ್ದು, ಬೆಂಡನ್ನು ಕಣದಲ್ಲಿಯೇ ಪುಡಿಮಾಡಿ ಒತ್ತುವ ಯಂತ್ರವನ್ನು ಅವರೇ ತರುತ್ತಾರೆಯೇ ಎಂಬುದು. ಎರಡನೆಯದು, ತೇವಾಂಶ ಎಷ್ಟಿದ್ದರೆ ಎಷ್ಟು ದರ ಮುರಿಯುತ್ತಾರೆ ಎಂಬುದು ಬರವಣಿಗೆಯಲ್ಲಿ ಇರಬೇಕು. ಮೂರನೆಯದು, ಭಟ್ಟಿಯಲ್ಲಿ ಉಳಿಯುವ ಗಷ್ಟನ್ನು ಅವರು ತಮ್ಮ ಕುದಿಪಾತ್ರೆಗೇ ಉರಿಸುತ್ತಾರೆಯೇ, ಆಮ್ಲ ಸೇರಿದ ನೀರನ್ನು ಏನು ಮಾಡುತ್ತಾರೆ. ಇದನ್ನು ನೀವು ಕೇಳದಿದ್ದರೆ ಹೊಳೆಯ ಕೆಳಗಿನವರು ಕೇಳಬೇಕಾಗುತ್ತದೆ.

ಸೊಪ್ಪೆಯನ್ನು ಮಾತ್ರ ಯಾವ ದರಕ್ಕೂ ಕೊಡಬೇಡಿ. ದನಕ್ಕೂ ಮಣ್ಣಿಗೂ ಅದು ಬೇಕು. ಸೊಪ್ಪೆಗೆ ಹೋಲಿಸಿದರೆ ಬೆಂಡಿನಲ್ಲಿ ಗೊಬ್ಬರದ ಸಾರ ಕಡಿಮೆ, ಆದುದರಿಂದಲೇ ಈ ಕೆಲಸಕ್ಕೆ ನಾನು ಬೆಂಡನ್ನು ಆರಿಸುತ್ತೇನೆ.

ನಿವೃತ್ತ ಮೇಷ್ಟ್ರು, ವಿದ್ಯಾನಗರ, ದಾವಣಗೆರೆ

ಮೊಮ್ಮಗನಿಗೆ ಹೇಳಿದ ಮಾತನ್ನು ತಿದ್ದಿಕೊಳ್ಳುತ್ತೇನೆ. ಬೆಂಡಿನಿಂದ ಮೊದಲು ಬರುವುದು ಐದು ಇಂಗಾಲದ ಫರ್ಫ್ಯೂರಾಲ್, ಬಾಟಲಿಗೆ ಬೇಕಾದ ಆರು ಇಂಗಾಲದ ಸಕ್ಕರೆ ಅದೇ ಬೆಂಡಿನ ಸೆಲ್ಯುಲೋಸಿನಲ್ಲಿ ಲಿಗ್ನಿನಿನ ಅಂಟಿನೊಳಗೆ ಬಿಗಿಯಾಗಿ ಸಿಕ್ಕಿಕೊಂಡಿದೆ. ಅದನ್ನು ಬಿಡಿಸುವ ಕಿಣ್ವಗಳು ಇವೆ, ಅಗ್ಗವಾಗಿಲ್ಲ. ಭಾನುವಾರ ಅವನು ಬರುತ್ತಾನೆ, ಹೇಳುತ್ತೇನೆ.

ಜಗಳೂರು ಹೊಲ

ಈ ಸಲದ ಬೆಂಡನ್ನು ತಾಡಪಾಲು ಹೊದಿಸಿ ಒಣಗಿಸಿ ಇಟ್ಟಿದ್ದೇನೆ. ತೇವಾಂಶದ ಲೆಕ್ಕ ಹೇಗೆ ತೆಗೆಯುವುದು ಎಂದು ಇಂಜಿನಿಯರ್ ತಮ್ಮ ಬರೆದರೆ ಅದನ್ನೂ ತೂಗಿ ಇಲ್ಲಿ ಹಾಕುತ್ತೇನೆ. ಅಲ್ಲಿಯವರೆಗೆ ಬಚ್ಚಲೊಲೆ ಉರಿಯುತ್ತಿರುತ್ತದೆ.

ಭಟ್ಟಿ ಇಂಜಿನಿಯರ್, ಹರಿಹರ

ಹತ್ತು ಬೆಂಡುಗಳನ್ನು ರಾಶಿಯ ಬೇರೆ ಬೇರೆ ಕಡೆಯಿಂದ ಆರಿಸಿ, ಒಡೆದು, ತೂಗಿ ಬರೆದಿಟ್ಟುಕೊಳ್ಳಿ. ಮನೆಯಲ್ಲಿ ರೊಟ್ಟಿ ಬೇಯಿಸಿದ ಮೇಲೆ ಒಲೆಯ ಪಕ್ಕ ಹೆಂಚಿನ ಮೇಲೆ, ಸೀಯದಂತೆ, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ ಮತ್ತೆ ತೂಗಿ. ಇಳಿದ ತೂಕವನ್ನು ಮೊದಲಿನ ತೂಕದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬರುವುದೇ ತೇವಾಂಶ.